ಅಳಿವೆಯ ಊರಿನಲ್ಲಿ ಕಾಂಡ್ಲಾ ಬಳಗ ಕಟ್ಟುವ ಬಗೆ

ಉತ್ತರ ಕನ್ನಡದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಕಡೆಗಳಲ್ಲೆಲ್ಲ, ಸಿಹಿನೀರು ಉಪ್ಪುನೀರು ಬೆರೆಯುವ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬಿಳಲು ಇಳಿಸಿಕೊಂಡು ನಿಂತಿರುತ್ತವೆ. ದಂಡೆಯ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದೂ ಸಿಗಡಿ, ಏಡಿ, ಮೀನುಮರಿಗಳಿಗೆ ಮರೆ ಕೊಡುವುದೂ ಈ ಬೇರುಗಳೇ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿತವಾಯಿತು. ಆದರೆ ಘೋಷಣೆಯೊಂದೇ ಒಂದು ಗಿಡವನ್ನೂ ಕಾಯಲಾರದು. ಅದಕ್ಕೆ ಆ ದಂಡೆಯಲ್ಲೇ ಬದುಕುವವರ ಒಂದು ಬಳಗ ಬೇಕು. ಅಂಥ ಬಳಗವನ್ನು ಕಟ್ಟಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಮೊದಲ ವರ್ಷ ಮಾಡಿದ ತಪ್ಪನ್ನು ಮೊದಲು ಹೇಳಬೇಕು. ಇಳಿತದ ಹೊತ್ತಿನಲ್ಲಿ ಬಯಲಾಗಿ ಕಾಣುತ್ತಿದ್ದ ಒಂದು ಕೆಸರು ಹರವನ್ನು ಖಾಲಿ ಜಾಗವೆಂದು ಭಾವಿಸಿ, ಸಾಲು ಹಿಡಿದು ಕಾಂಡ್ಲಾ ನೆಡತೊಡಗಿದೆವು. ಮೊಣಕಾಲುದ್ದ ನೀರಿನಲ್ಲಿ ಕುಳಿತು ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ಬುಟ್ಟಿಯೊಂದಿಗೆ ಎದ್ದು ಬಂದು, ‘ತಮಾ, ಇದು ನಮ್ಮ ಗದ್ದೆ’ ಎಂದರು. ಅವರ ಕಾಲಡಿಯಲ್ಲಿ ಬಳಚಿನ ಮರಿಗಳಿದ್ದವು. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿದು ಮೇಯುವುದೂ ಅದೇ ಹರವಿನಲ್ಲಿ. ನೆಟ್ಟ ಗಿಡಗಳಲ್ಲಿ ಹೆಚ್ಚಿನವು ದಿನದ ಬಹುಪಾಲು ನೀರಿನಡಿಯಲ್ಲೇ ಇದ್ದು ಕೊಳೆತುಹೋದವು. ಹಾಗಾಗಿ ಬಳಗದ ಮೊದಲ ಪ್ರಶ್ನೆ ‘ಎಲ್ಲಿ ನೆಡೋಣ’ ಎಂಬುದಾಗಿರಬಾರದು. ‘ಇಲ್ಲಿ ಕಾಂಡ್ಲಾ ಏಕೆ ಇಲ್ಲ’ ಎಂಬುದಾಗಿರಬೇಕು.

ಈ ಪ್ರಶ್ನೆಗೆ ಉತ್ತರ ಬಲ್ಲವರನ್ನೇ ಬಳಗಕ್ಕೆ ಮೊದಲು ಕರೆಯಿರಿ. ಪಾತಿ ದೋಣಿಯಲ್ಲಿ ಬಲೆ ಬಿಡುವವರು, ಬಳಚು ತೆಗೆಯುವ ಹೆಂಗಸರು, ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆದು ಗೊತ್ತಿರುವ ರೈತರು, ಎಮ್ಮೆ ಕಟ್ಟಿದವರು, ಶಾಲೆಯ ಒಬ್ಬರು ಶಿಕ್ಷಕರು, ಹೀಗೆ ಹತ್ತು ಹನ್ನೆರಡು ಜನ ಸಾಕು. ಪರಿಸರದ ಮೇಲೆ ಪ್ರೀತಿಯಿದ್ದು ದಂಡೆಗೆ ಇಳಿಯದವರು ನಂತರ ಬಂದರೂ ನಡೆಯುತ್ತದೆ. ನೋಂದಣಿಗೆ ಅವಸರ ಬೇಡ. ಬಳಗದ ಹೆಸರಿನಲ್ಲಿ ಹಣ ನಿಭಾಯಿಸುವ ಅಗತ್ಯ ಬಂದಾಗ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ನೋಂದಾಯಿಸಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದುದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ನಂಟು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು ಮತ್ತು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನೀವು ಬರೆದಿಟ್ಟ ಗಿಡ, ಮೀನು, ಹಕ್ಕಿಗಳ ವಿವರ ಆ ದಾಖಲೆಗೆ ಸೇರಿದರೆ, ಮುಂದೆ ಅಳಿವೆಯ ಕುರಿತು ಯಾವ ಚರ್ಚೆ ಬಂದರೂ ಊರಿನ ಕೈಯಲ್ಲಿ ಬರಹ ರೂಪದ ಆಧಾರವಿರುತ್ತದೆ.

ದಂಡೆಯ ನಡಿಗೆಗೆ ದಿನ ಗೊತ್ತುಪಡಿಸುವಾಗ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹಳ ಏರಿ ಬಹಳ ಇಳಿಯುವುದರಿಂದ, ಅತಿ ಕೆಳಗಿನ ಕೆಸರೂ ಅತಿ ಮೇಲಿನ ನೀರಿನ ಗುರುತೂ ಆಗ ಕಣ್ಣಿಗೆ ಬೀಳುತ್ತವೆ; ಅಷ್ಟಮಿಯ ಸುಮಾರಿಗೆ ಈ ಏರಿಳಿತ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವ ಕಾರಣ ‘ಪ್ರತಿ ಭಾನುವಾರ ಬೆಳಿಗ್ಗೆ’ ಎಂಬ ವೇಳಾಪಟ್ಟಿ ಅಳಿವೆಯಲ್ಲಿ ನಡೆಯದು. ಒಂದು ನೋಟ್‌ಬುಕ್ಕಿನಲ್ಲಿ ತಿಥಿ, ವೇಳೆ, ನೀರು ಮುಟ್ಟಿದ ಗುರುತು, ತಾನಾಗಿ ಹುಟ್ಟಿದ ಸಸಿಗಳಿರುವ ಜಾಗ ಇವಿಷ್ಟನ್ನು ಬರೆಯುತ್ತ ಹೋಗಿ. ಕಡೆಯ ವಿವರವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ತಾನಾಗಿ ಸಸಿ ಹುಟ್ಟುವ ಕಡೆ ನೀವು ನೆಡಬೇಕಾದ ಅಗತ್ಯವೇ ಇಲ್ಲ, ಕಾದರೆ ಸಾಕು. ಬೀಜ ಬಂದು ಬಿದ್ದರೂ ಸಸಿ ನಿಲ್ಲದಿದ್ದರೆ ಕಾರಣ ಹುಡುಕಿ: ಒಡ್ಡು ಕಟ್ಟಿ ನೀರಿನ ದಾರಿ ಮುಚ್ಚಿರಬಹುದು, ತೂಬು ಕೆಟ್ಟಿರಬಹುದು, ಎಮ್ಮೆಗಳು ಚಿಗುರು ಮೇಯುತ್ತಿರಬಹುದು, ಹರಿದ ನೈಲಾನ್ ಬಲೆಗಳು ಎಳೆಯ ಸಸಿಗಳಿಗೆ ಸುತ್ತಿಕೊಳ್ಳುತ್ತಿರಬಹುದು. ಎಷ್ಟೋ ಕಡೆ ಮುಚ್ಚಿಹೋದ ಕಾಲುವೆಯೊಂದು ತೆರೆದು ಉಬ್ಬರದ ನೀರು ಮತ್ತೆ ಒಳಬಂದರೆ ಕಾಂಡ್ಲಾ ತಾನಾಗಿಯೇ ಮರಳುತ್ತದೆ. ಆದರೆ ಗಜನಿಯ ಒಡ್ಡು ರೈತರ ಬದುಕಿಗೆ ಸೇರಿದ್ದು. ಅವರೊಂದಿಗೆ ಕುಳಿತು ಮಾತನಾಡದೆ ಅದರ ಒಂದು ಕಲ್ಲನ್ನೂ ಕದಲಿಸಬೇಡಿ.

ನೆಡುವುದೇ ಸರಿ ಎಂದು ತೀರ್ಮಾನವಾದರೆ, ಜಾಗದ ಪಹಣಿ ನೋಡಿ ಅದು ಅರಣ್ಯದ್ದೋ ಕಂದಾಯದ್ದೋ ಖಾಸಗಿಯದ್ದೋ ಎಂದು ತಿಳಿದು, ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಲಿಖಿತ ಮನವಿ ಕೊಡಿ. ಕಾಂಡ್ಲಾ ಕಾಡು ಕರಾವಳಿ ನಿಯಂತ್ರಣ ವಲಯದ ಅತಿ ಬಿಗಿಯಾದ ವರ್ಗಕ್ಕೆ ಸೇರುವುದರಿಂದ, ಒಳ್ಳೆಯ ಉದ್ದೇಶದ ಕೆಲಸಕ್ಕೂ ಈ ಕಾಗದ ಬೇಕು.

ನೆಡಲು ಕೋಡು, ಅಂದರೆ ಕಾಂಡ್ಲಾದ ಮೊಳೆತ ಬೀಜ, ಆರಿಸುವ ಕೆಲಸ ಮಳೆಗಾಲದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿನವರಿಗೂ ಆಗ ಬಿಡುವಿರುತ್ತದೆ. ರೈಜೋಫೊರಾ ಜಾತಿಯ ಕಾಂಡ್ಲಾದಲ್ಲಿ ಬೀಜ ಮರದ ಮೇಲೆಯೇ ಮೊಳೆತು, ನುಗ್ಗೆಕಾಯಿಯಂಥ ಹಸಿರು ಕೋಡಾಗಿ ಜೋತುಬಿದ್ದಿರುತ್ತದೆ. ಕಾಯಿಯೂ ಕೋಡೂ ಕೂಡುವ ಕಡೆ ಹಳದಿ ಬಳೆಯಂಥ ಉಂಗುರ ಮೂಡಿದರೆ ಅದು ಬಲಿತಿದೆ ಎಂದರ್ಥ. ಬೆರಳು ತಾಗಿಸಿದರೆ ಸಾಕು, ಕಳಚಿ ಕೈಗೆ ಬರುತ್ತದೆ. ಕಾಯಿಯ ಟೊಪ್ಪಿಯನ್ನು ಎಳೆದು ಕೀಳಬೇಡಿ, ಒಳಗಿನ ಸುಳಿ ಮುರಿಯುತ್ತದೆ. ತೂತು ಬಿದ್ದ, ಸುಕ್ಕುಗಟ್ಟಿದ ಕೋಡುಗಳನ್ನು ಅಲ್ಲೇ ಬಿಡಿ. ಆರಿಸಿದವನ್ನು ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಟ್ಟರೆ ಕೆಲವು ದಿನ ಬಾಳುತ್ತವೆ.

ಈ ಕೋಡುಗಳಿಗೆ ನರ್ಸರಿಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸುಳಿಯ ತುದಿ ಮೇಲಿರುವಂತೆ, ಉದ್ದದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಕೆಸರಿನಲ್ಲಿ ನೇರವಾಗಿ ಊರಿದರೆ ಸಾಕು. ಸಾಲುಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿರಲಿ. ತಲೆಕೆಳಗಾಗಿ ಊರುವ ತಪ್ಪು ಮೊದಲ ದಿನ ಎಲ್ಲ ಕಡೆಯೂ ಆಗುತ್ತದೆ, ಆದ್ದರಿಂದ ತಿಳಿದವರೊಬ್ಬರು ಸಾಲಿನ ಹಿಂದೆಯೇ ನೋಡಿಕೊಂಡು ಬರಬೇಕು. ಚಪ್ಪಟೆ ಸಣ್ಣ ಕಾಯಿಯ ಅವಿಸೆನ್ನಿಯಾ ಜಾತಿಯ ಕಾಂಡ್ಲಾಕ್ಕೆ ಮಾತ್ರ ನರ್ಸರಿ ಅನುಕೂಲ. ಕಾಯಿಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಸಿಪ್ಪೆ ಕಳಚಿದ ಮೇಲೆ ಕೆಸರು ತುಂಬಿದ ಚೀಲಗಳಲ್ಲಿ ಮೇಲ್ಮೈಗೆ ಒತ್ತಿ, ಉಬ್ಬರದ ನೀರು ಬಂದು ಹೋಗುವಂಥ ಕಡೆ ತೆಂಗಿನ ಮಡಲಿನ ಚಪ್ಪರದಡಿ ಜೋಡಿಸಿ. ನೆಟ್ಟ ದಿನವೇ ಖಾಲಿ ಚೀಲಗಳನ್ನು ಎಣಿಸಿ ವಾಪಸು ತನ್ನಿ.

ಗಿಡದ ನಿಜವಾದ ಪರೀಕ್ಷೆ ನಂತರದ ತಿಂಗಳುಗಳಲ್ಲಿ. ಪ್ರತಿ ಹುಣ್ಣಿಮೆಯ ಇಳಿತಕ್ಕೆ ಇಬ್ಬರಾದರೂ ಇಳಿದು, ಕಾಂಡಕ್ಕೆ ಸುತ್ತಿದ ಬಲೆ, ಪ್ಲಾಸ್ಟಿಕ್ಕನ್ನು ಬಿಡಿಸಿ, ಅಂಟಿದ ಚಿಪ್ಪುಜೀವಿಗಳನ್ನು ತೊಗಟೆ ಕೀಳದಂತೆ ಕೈಯಿಂದಲೇ ತೆಗೆಯಬೇಕು. ಎಮ್ಮೆ ಬರುವ ದಾರಿಗೆ ಬೇಲಿ ಹಾಕುವುದಕ್ಕಿಂತ, ಎಮ್ಮೆ ಕಟ್ಟಿದವರನ್ನೇ ಆ ಸಾಲಿನ ಕಾವಲಿಗೆ ಒಪ್ಪಿಸುವುದು ಹೆಚ್ಚು ಫಲ ಕೊಡುತ್ತದೆ. ಇದು ನಮ್ಮ ಅನುಭವ. ಎಷ್ಟು ನೆಟ್ಟಿರಿ ಎಂಬ ಲೆಕ್ಕವನ್ನು ಫಲಕದ ಮೇಲೆ ಬರೆಸಬೇಡಿ. ಎರಡನೆಯ ಮಳೆಗಾಲ ಕಳೆದ ಮೇಲೆ ಎಷ್ಟು ನಿಂತಿವೆ ಎಂದು ಒಂದೊಂದನ್ನೂ ಮುಟ್ಟಿ ಎಣಿಸಿ, ಆ ಸಂಖ್ಯೆಯನ್ನೇ ನೋಟ್‌ಬುಕ್ಕಿನಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಿ. ಸತ್ತ ಗಿಡಗಳ ಜಾಗದಲ್ಲಿ ಮತ್ತೆ ನೆಡುವ ಮುನ್ನ ಬಳಚು ತೆಗೆಯುವವರನ್ನೂ ಬಲೆಯವರನ್ನೂ ಕರೆದುಕೊಂಡು ಹೋಗಿ ಆ ಜಾಗವನ್ನು ಇನ್ನೊಮ್ಮೆ ತೋರಿಸಿ.