ಅಂಗಳ ಅಗೆಯುವ ಮುನ್ನ: ಯಾವ ಕೆಲಸಕ್ಕೆ ಅನುಮತಿ ಬೇಕು?

ಹೂಗಿಡ ನೆಡಲು, ಹುಲ್ಲು ಹಾಸಲು ಸಾಮಾನ್ಯವಾಗಿ ಯಾರನ್ನೂ ಕೇಳಬೇಕಿಲ್ಲ. ಕಾಂಪೌಂಡ್, ಕೊಳ, ದೊಡ್ಡ ಮರ ಕಡಿಯುವುದು, ನೆಲದ ಮಟ್ಟ ಏರಿಸುವುದು ಇವಕ್ಕೆ ಸ್ಥಳೀಯ ಸಂಸ್ಥೆಯನ್ನು ವಿಚಾರಿಸಿಯೇ ಕೈ ಹಾಕಿ.

ಮೊದಲು ಸರ್ವೆ ನಕ್ಷೆ ಹಿಡಿದು ಗಡಿಕಲ್ಲು ಹುಡುಕಿ. ಹಳೆಯ ಬೇಲಿಯೇ ಗಡಿ ಎಂದು ನಂಬಬೇಡಿ. ನಂತರ 1:100 ಅಳತೆಯಲ್ಲಿ (1 ಸೆಂ.ಮೀ. ಅಂದರೆ 1 ಮೀಟರ್) ಮನೆ, ಮರ, ಪೈಪು, ಕೇಬಲ್ ಎಲ್ಲವನ್ನೂ ಬರೆದು, ಮಳೆನೀರು ಹರಿಯುವ ದಿಕ್ಕಿಗೆ ಬಾಣ ಹಾಕಿ. ಈ ಬಾಣವಿಲ್ಲದೆ ಅರ್ಜಿ ವಾಪಸಾಗಬಹುದು. ನಿಮ್ಮ ನೀರು ಪಕ್ಕದ ಮನೆಗೆ ನುಗ್ಗಿದರೆ ಜಗಳವೂ ಖಚಿತ.

ಹೆಚ್ಚು ಜನ ಎಡವುವುದು ಮಣ್ಣು ತಡೆಯುವ ಗೋಡೆಯಲ್ಲಿ. ಹಲವೆಡೆ ಎತ್ತರ 1.2 ಮೀಟರ್ ದಾಟಿದರೆ ಅನುಮತಿ ಕಡ್ಡಾಯ. ಕೆಲವೆಡೆ ಮಿತಿ ಇನ್ನೂ ಕಡಿಮೆ. ಎತ್ತರವನ್ನು ಎಲ್ಲಿಂದ ಅಳೆಯುತ್ತಾರೆಂದು ಕೇಳಲೇಬೇಕು. ಪಾಯದ ತಳದಿಂದ ಅಳೆಯುವ ನಿಯಮವಿದ್ದರೆ, ಮೇಲೆ 90 ಸೆಂ.ಮೀ. ಕಾಣುವ ಗೋಡೆ 40 ಸೆಂ.ಮೀ. ಪಾಯ ಸೇರಿ 1.3 ಮೀಟರ್ ಆಗುತ್ತದೆ. ಗೋಡೆಯ ಹಿಂದೆ ಜಲ್ಲಿ, ಕೆಳಗೆ ನೀರು ಹೊರಹೋಗುವ ತೂತುಗಳು ನಕ್ಷೆಯಲ್ಲೇ ಇರಲಿ. ನೆನೆದ ಮಣ್ಣಿನ ಒತ್ತಡಕ್ಕೇ ಇಂಥ ಗೋಡೆಗಳು ಉಬ್ಬಿ ಬೀಳುವುದು.

ಅಗೆಯುವ ಮುನ್ನ ವಿದ್ಯುತ್, ಗ್ಯಾಸ್, ನೀರಿನವರಿಂದ ಲೈನ್ ಗುರುತು ಹಾಕಿಸಿ. ಗುರುತಿನ ಎರಡೂ ಬದಿ ಸುಮಾರು 60 ಸೆಂ.ಮೀ. ಜೆಸಿಬಿ ಬೇಡ, ಕೈಯಲ್ಲೇ ಅಗೆಸಿ. ಪಾಯದ ತಪಾಸಣೆ ಇದ್ದರೆ ಕಾಂಕ್ರೀಟ್ ಸುರಿಯುವ ಮೊದಲೇ ಮುಗಿಸಿ. ಮುಚ್ಚಿದ ಮೇಲೆ ಒಡೆದು ತೋರಿಸಿ ಎನ್ನುವ ಹಕ್ಕು ತಪಾಸಣೆಗೆ ಬರುವ ಅಧಿಕಾರಿಗಿರುತ್ತದೆ.