ಮ್ಯಾಂಡೊಲಿನ್ ತಂತಿ ಎಷ್ಟು ಎತ್ತರದಲ್ಲಿರಬೇಕು?

ಹೊಸ ಮ್ಯಾಂಡೊಲಿನ್ ಕೊಂಡವರಲ್ಲಿ ಅನೇಕರು ಬೆರಳ ತುದಿಯ ಉರಿ ತಾಳಲಾರದೆ ಅದನ್ನು ಅಟ್ಟಕ್ಕೇರಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ತೊಂದರೆ ಇರುವುದು ಬೆರಳಿನಲ್ಲಲ್ಲ, ತಂತಿಯ ಎತ್ತರದಲ್ಲಿ. ಅಗ್ಗದ ವಾದ್ಯಗಳು ಅಂಗಡಿಯಿಂದ ಬರುವಾಗಲೇ ತಂತಿಗಳನ್ನು ಫ್ರೆಟ್‌ಗಳಿಂದ, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ, ತೀರ ಮೇಲೆತ್ತಿಕೊಂಡಿರುತ್ತವೆ. ಜೋಡಿ ತಂತಿಗಳನ್ನು ಒಟ್ಟಿಗೆ ಒತ್ತಬೇಕಾದ ವಾದ್ಯದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೂ ಅದು ಕೈಗೆ ಗೊತ್ತಾಗುತ್ತದೆ.

ಉಬ್ಬುಹಲಗೆಯ ಮ್ಯಾಂಡೊಲಿನ್‌ಗಳಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜನ್ನು ಅಂಟಿಸಿರುವುದಿಲ್ಲ. ಪಿಟೀಲಿನ ಕುದುರೆಯಂತೆ ಅದೂ ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ಎರಡು ಬದಿಯಲ್ಲಿರುವ ಪುಟ್ಟ ಹಲ್ಲುಚಕ್ರಗಳು ಅದರ ಮೇಲಿನ ತುಂಡನ್ನು ಏರಿಸಿ ಇಳಿಸುತ್ತವೆ. ಆ ಚಕ್ರಗಳು ಕಣ್ಣಿಗೆ ಬಿದ್ದೊಡನೆ ತಿರುಗಿಸಬೇಕೆನ್ನಿಸುತ್ತದೆ. ತಡೆಯಿರಿ, ಅವುಗಳ ಸರದಿ ಕೊನೆಗೆ.

ಮೊದಲು ಎಲ್ಲ ತಂತಿಗಳನ್ನೂ ಸರಿಯಾದ ಶ್ರುತಿಗೆ ತನ್ನಿ. ಸಡಿಲ ತಂತಿಯ ಅಳತೆಗೆ ಬೆಲೆಯಿಲ್ಲ. ಬಳಿಕ ಕುತ್ತಿಗೆಯನ್ನು ನೋಡಿ. ತಂತಿಯೊಂದನ್ನು ಮೊದಲನೆಯ ಫ್ರೆಟ್‌ನಲ್ಲೂ ಕುತ್ತಿಗೆ ಒಡಲನ್ನು ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವಿನ ಫ್ರೆಟ್‌ಗಳ ಮೇಲೆ ಒಂದು ಹಾಳೆ ಕಾಗದ ತೂರುವಷ್ಟು, ಅಂದರೆ ಸುಮಾರು 0.1 ಮಿಲಿಮೀಟರ್ ಸಂದು ಇದ್ದರೆ ಸಾಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕುತ್ತಿಗೆ ಬಾಗಿದೆಯೆಂದು ಅರ್ಥ. ಕುತ್ತಿಗೆಯೊಳಗಿನ ಟ್ರಸ್ ರಾಡನ್ನು, ಅಂದರೆ ಬಾಗು ಸರಿಪಡಿಸುವ ಲೋಹದ ಸರಳನ್ನು, ತಿರುಗಿಸಿ ಅಭ್ಯಾಸವಿಲ್ಲದವರು ಆ ಕೆಲಸವನ್ನು ವಾದ್ಯ ದುರಸ್ತಿಯವರಿಗೆ ಬಿಡುವುದು ಜಾಣತನ.

ಮುಂದಿನದು ನಟ್, ಅಂದರೆ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ. ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿದಾಗ ಅದು ಮೊದಲನೆಯ ಫ್ರೆಟ್ಟನ್ನು ಇನ್ನೇನು ತಾಕಿತು ಎನ್ನುವಂತಿರಬೇಕು. ಅಲ್ಲಿ ದೊಡ್ಡ ಸಂದು ಕಂಡರೆ ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳ ಆಳ ಸಾಲದಾಗಿದೆ. ಮೊದಲ ಕೆಲವು ಫ್ರೆಟ್‌ಗಳ ಸ್ವರ ಏರಿ ನುಡಿಯುವುದಕ್ಕೆ ಇದೇ ಕಾರಣ. ಬ್ರಿಡ್ಜನ್ನು ಎಷ್ಟು ತಗ್ಗಿಸಿದರೂ ಈ ದೋಷ ಹೋಗದು.

ಇವೆರಡೂ ಸರಿಯಿದ್ದರೆ 12ನೆಯ ಫ್ರೆಟ್‌ಗೆ ಬನ್ನಿ. ಬಿಗಿದ ತಂತಿಯ ತಳದಿಂದ ಫ್ರೆಟ್‌ನ ನೆತ್ತಿಯವರೆಗೆ ಸಣ್ಣ ತಂತಿಯ ಕಡೆ ಸುಮಾರು 1.5, ದಪ್ಪ ತಂತಿಯ ಕಡೆ ಸುಮಾರು 2 ಮಿಲಿಮೀಟರ್ ಇರಲಿ. ಅಳತೆಯ ಉಪಕರಣವಿಲ್ಲವೇ? ಉಬ್ಬಕ್ಷರಗಳಿಲ್ಲದ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅಂಥ ಎರಡು ಕಾರ್ಡುಗಳನ್ನು ಜೋಡಿಸಿ ಸಣ್ಣ ತಂತಿಯ ಅಡಿಗೆ ತೂರಿಸಿದರೆ ತಂತಿ ಮೇಲೇಳದೆ ಹಿತವಾಗಿ ಸವರಬೇಕು.

ಈಗ ಚಕ್ರದ ಕೆಲಸ. ಬ್ರಿಡ್ಜ್ ನಿಂತ ಜಾಗದ ಅಂಚಿಗೆ ಸುಲಭವಾಗಿ ಬಿಡುವ ಕಾಗದದ ಅಂಟುಪಟ್ಟಿ ಹಚ್ಚಿ ಗುರುತು ಮಾಡಿಕೊಳ್ಳಿ. ಎಲ್ಲ ತಂತಿಗಳನ್ನೂ ಸಡಿಲಿಸಿ, ಆದರೆ ಪೂರ್ತಿ ಬಿಚ್ಚಬೇಡಿ. ಬಿಚ್ಚಿದರೆ ಬ್ರಿಡ್ಜ್ ಬಿದ್ದೇ ಹೋಗುತ್ತದೆ. ಎಂಟು ತಂತಿಗಳ ಒಟ್ಟು ಸೆಳೆತ 70 ಕಿಲೋಗ್ರಾಂ ಆಸುಪಾಸಿನದು. ಆ ಬಿಗಿಯಲ್ಲೇ ಇಕ್ಕಳ ಹಾಕಿ ಚಕ್ರ ತಿರುಗಿಸುವವರು ತಿರುಪಿನ ಎಳೆಯನ್ನೇ ಸವೆಸಿಬಿಡುತ್ತಾರೆ. ಮೇಲಿನಿಂದ ನೋಡಿದಾಗ ಚಕ್ರವನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬ್ರಿಡ್ಜ್ ಇಳಿಯುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಏರುತ್ತದೆ. 12ನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿಲಿಮೀಟರ್ ತಗ್ಗಬೇಕಾದರೆ ಬ್ರಿಡ್ಜ್ ಒಂದು ಮಿಲಿಮೀಟರ್ ಇಳಿಯಬೇಕು. ಕಾಲು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಅಳೆಯಿರಿ. ಸಾಲದಿದ್ದರೆ ಮತ್ತೆ ಸಡಿಲಿಸಿ ಮುಂದುವರಿಸಿ. ಬೇಸರದ ಕೆಲಸವೇ, ಆದರೆ ಅಡ್ಡದಾರಿಯಿಲ್ಲ.

ಎಷ್ಟು ತಗ್ಗಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ನನಗಿಲ್ಲ. ತೀರ ತಗ್ಗಿದ ತಂತಿ ಜೋರಾಗಿ ಮೀಟಿದೊಡನೆ ಫ್ರೆಟ್‌ಗೆ ಬಡಿದು ಝುಂಯ್‌ಗುಡುತ್ತದೆ. ತಂತಿಯನ್ನು ಪಕ್ಕಕ್ಕೆಳೆದು ಗಮಕ ನುಡಿಸುವವರ ಬೆರಳಿಗೆ ಹಿಡಿತ ಸಿಗುವಷ್ಟು ಜಾಗವೂ ತಂತಿಯಡಿ ಬೇಕು. ಯು. ಶ್ರೀನಿವಾಸ್ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದವರಿಗೂ ಈ ಮಾತು ಅನ್ವಯಿಸುತ್ತದೆ.

ಎತ್ತರ ಬದಲಾದರೆ ಬ್ರಿಡ್ಜ್‌ನ ಜಾಗವೂ ತುಸು ಬದಲಾಗಬೇಕು. 12ನೆಯ ಫ್ರೆಟ್‌ನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿ, ಆಗ ಹೊಮ್ಮುವ ತೆಳು ಸ್ವರವನ್ನು (ಹಾರ್ಮೋನಿಕ್) ಕೇಳಿ, ಅನಂತರ ಅದೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಮೊಬೈಲಿನ ಟ್ಯೂನರ್ ಆ್ಯಪ್ ಸಾಕು. ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ ಏರಿದ್ದರೆ ಬ್ರಿಡ್ಜನ್ನು ತಂತಿಗಳ ಬುಡ ಸಿಕ್ಕಿಸಿರುವ ಟೇಲ್‌ಪೀಸ್ ಕಡೆಗೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ ಕೂದಲೆಳೆಯಷ್ಟು ಸರಿಸಿ. ಶ್ರುತಿ ಬಿಗಿಯುವಾಗ ಬ್ರಿಡ್ಜ್‌ನ ತಲೆ ಕುತ್ತಿಗೆಯ ಕಡೆ ವಾಲುವುದು ಸಾಮಾನ್ಯ. ನೆಟ್ಟಗೆ ನಿಲ್ಲಿಸಿ, ಪಾದ ಹಲಗೆಗೆ ಪೂರ್ತಿ ಕೂತಿದೆಯೇ ನೋಡಿ.

ಮಂಗಳೂರಿನ ಮಳೆಗಾಲದಲ್ಲಿ ಹಲಗೆ ತೇವ ಹೀರಿ ಉಬ್ಬಿ ತಂತಿ ಮೇಲೇಳಬಹುದು, ಕಲಬುರಗಿಯ ಬೇಸಿಗೆಯಲ್ಲಿ ಅದೇ ವಾದ್ಯ ಝುಂಯ್‌ಗುಡಬಹುದು. ಹಾಗಾಗಿ ಚಕ್ರಕ್ಕೆ ಎರಡೂ ಕಡೆ ತುಸು ಆಸ್ಪದ ಉಳಿಸಿಕೊಳ್ಳಿ. ಚಕ್ರ ತಳಮುಟ್ಟಿದರೂ ತಂತಿ ಮೇಲೆಯೇ ಇದ್ದರೆ ಕುತ್ತಿಗೆ ಕೂಡಿಸಿದ ಕೋನವೇ ತಪ್ಪಿರುವ ಸಾಧ್ಯತೆ ಹೆಚ್ಚು. ಆ ರಿಪೇರಿಗೆ ಮುನ್ನ ವಾದ್ಯದ ಬೆಲೆಯನ್ನೂ ಕೂಲಿಯನ್ನೂ ಹೋಲಿಸಿ ನೋಡಿ. ಅಗ್ಗದ ವಾದ್ಯವಾದರೆ ಕೂಲಿಯೇ ಹೆಚ್ಚಾಗಬಹುದು.