ಹೈಬ್ರಿಡ್ ಕಾರಿಗೆ ಪುಟ್ಟ ಟರ್ಬೊ ಹಾಕ್ದೆ, ನನ್ನ ಅನುಭವ

ನನ್ನದು ಎರಡನೇ ಜನರೇಷನ್ ಟೊಯೊಟಾ ಪ್ರಿಯಸ್, ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ-ಮೋಟರೂ ಇರೋ ಹೈಬ್ರಿಡ್ ಕಾರು, 1.5 ಲೀಟರ್ ಇಂಜಿನ್, 76 ಹಾರ್ಸ್‌ಪವರ್. ಉದ್ದದ ಏರಲ್ಲಿ ಬ್ಯಾಟರಿ ಇಳಿದ್ಮೇಲೆ ಇಂಜಿನ್ ಒಂದೇ ಎಳೀಬೇಕು, ಕಿರುಚುತ್ತೆ, ಕಾರು ಮಾತ್ರ ತೆವಳುತ್ತೆ. ಅದಕ್ಕೇ ಟರ್ಬೊ, ಅಂದ್ರೆ ಎಕ್ಸಾಸ್ಟ್ ಹೊಗೆ ರಭಸಕ್ಕೆ ತಿರುಗಿ ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬೋ ಪಂಪ್, ಹಾಕೋ ಹುಚ್ಚು ಹತ್ತಿದ್ದು.

ಕೇಳಿದೋರೆಲ್ಲ ಕಂಪ್ರೆಷನ್ (ಸಿಲಿಂಡರಲ್ಲಿ ಗಾಳೀನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 13:1 ಇದೆ, ಬೂಸ್ಟ್ (ಟರ್ಬೊ ಕೊಡೋ ಹೆಚ್ಚಿನ ಗಾಳಿ ಒತ್ತಡ) ಕೊಟ್ರೆ ನಾಕ್ ಆಗಿ, ಅಂದ್ರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿದು, ಪಿಸ್ಟನ್ ಹೋಗುತ್ತೆ ಅಂದ್ರು. ಆದ್ರೆ ಇದು ಅಟ್ಕಿನ್ಸನ್ ಇಂಜಿನ್ ಕಣ್ರೀ, ಪಿಸ್ಟನ್ ಮೇಲಕ್ಕೆ ಹೊರಟ್ಮೇಲೂ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತೆ, ಒಳಗೆ ಬಂದ ಗಾಳೀಲಿ ಒಂದಷ್ಟು ವಾಪಸ್ ಮ್ಯಾನಿಫೋಲ್ಡಿಗೇ (ಗಾಳಿ ಒಳಗೆ ಬರೋ ಕೊಳವೆ) ಹೋಗುತ್ತೆ, ಹಾಗಾಗಿ ನಿಜವಾದ ಕಂಪ್ರೆಷನ್ 13ಕ್ಕಿಂತ ಎಷ್ಟೋ ಕಮ್ಮಿ. ಹಾಗಂತ ಮೈಮರೆಯೋ ಹಾಗಿಲ್ಲ, ಲೋಡ್ ಏರಿದಾಗ ವಾಲ್ವ್ ಟೈಮಿಂಗ್ ಬದಲಾಯಿಸೋ ವಿವಿಟಿ ಅದೇ ವಾಲ್ವನ್ನ ಬೇಗ ಮುಚ್ಚುತ್ತೆ, ಕಂಪ್ರೆಷನ್ ಮತ್ತೆ ಏರುತ್ತೆ. ನಾನು ಬೂಸ್ಟನ್ನ 4 ಪಿಎಸ್‌ಐಗೇ (ಒತ್ತಡದ ಅಳತೆ) ನಿಲ್ಲಿಸ್ದೆ, ಒತ್ತಿ ಬಿಸಿಯಾದ ಗಾಳಿ ತಣಿಸೋ ಇಂಟರ್‌ಕೂಲರ್ ಹಾಕ್ದೆ, ಒಳ್ಳೇ ಆಕ್ಟೇನ್ ಪೆಟ್ರೋಲ್ ಬಿಟ್ಟು ಬೇರೆ ಹಾಕಲ್ಲ.

ಟರ್ಬೊ 660 ಸಿಸಿ ಕಾರಿಂದು. ದೊಡ್ಡದು ಹಾಕಿದ್ರೆ ತಿರುಗೋದೇ ಇಲ್ಲ, ಈ ಇಂಜಿನ್ ಎಕ್ಸಾಸ್ಟಲ್ಲಿ ಶಕ್ತಿ ಉಳ್ಸೋದೇ ಕಮ್ಮಿ. ಏರ್‌ಫ್ಲೋ ಸೆನ್ಸರ್ ಕಂಪ್ರೆಸರ್‌ಗಿಂತ (ಟರ್ಬೊದಲ್ಲಿ ಗಾಳಿ ಒತ್ತೋ ಭಾಗ) ಮುಂಚೆನೇ ಉಳಿಸ್ಕೊಂಡೆ, ಒಳಗೆ ಹೋಗೋ ಗಾಳಿ ಪೂರ್ತಿ ಲೆಕ್ಕಕ್ಕೆ ಸಿಗುತ್ತೆ, ಪೆಟ್ರೋಲೂ ಅದಕ್ಕೆ ತಕ್ಕಂಗೆ ಬೀಳುತ್ತೆ. ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸೋ ವೈಡ್‌ಬ್ಯಾಂಡ್ ಮೀಟರ್ ಇಲ್ದೆ ಮಾತ್ರ ಕೈ ಹಾಕ್ಬೇಡಿ. ಇಂಜಿನ್ ಒಳಗಿನ ಹೊಗೆ ಮ್ಯಾನಿಫೋಲ್ಡಿಗೆ ಎಳೆಯೋ ಪಿಸಿವಿ ಪೈಪಿಗೆ ಒಂದೇ ದಿಕ್ಕಿಗೆ ಬಿಡೋ ಚೆಕ್ ವಾಲ್ವ್ ಹಾಕೋದು ಮರೆತು ಬೂಸ್ಟೆಲ್ಲ ಕ್ರ್ಯಾಂಕ್‌ಕೇಸಿಗೆ (ಇಂಜಿನ್ ಕೆಳಗೆ ಆಯಿಲ್ ಇರೋ ಭಾಗ) ನುಗ್ಗಿ ಆಯಿಲ್ ಅಳೆಯೋ ಡಿಪ್‌ಸ್ಟಿಕ್ ಹಾರಿ ಬಂದು ಇಂಜಿನ್ ಮೇಲೆಲ್ಲ ಆಯಿಲ್ ಆಯ್ತು, ಅದು ನನ್ನದೇ ತಪ್ಪು.

ಜಾಸ್ತಿ ಕಾಡಿಸಿದ್ದು ಅದಲ್ಲ. ಹೈಬ್ರಿಡ್ ಇಂಜಿನ್ ತನಗೆ ಬೇಕಾದಾಗ ಆಫ್ ಆಗುತ್ತೆ. ಏರು ಹತ್ತಿ ಟರ್ಬೊ ಕೆಂಡ ಆಗಿರೋವಾಗ್ಲೇ ಸಿಗ್ನಲ್ ಬಂದ್ರೆ ಇಂಜಿನ್ ನಿಲ್ತು, ಆಯಿಲ್ ಪಂಪೂ ನಿಲ್ತು, ಬೇರಿಂಗಲ್ಲಿ ಉಳಿದ ಆಯಿಲ್ ಅಲ್ಲೇ ಸುಟ್ಟು ಕರಿಕಟ್ಟುತ್ತೆ. ಮೊದಲ್ನೇ ಟರ್ಬೊ ಹೀಗೇ ಹೋಯ್ತು, ಸ್ಟಾರ್ಟ್ ಆದಾಗೆಲ್ಲ ನೀಲಿ ಹೊಗೆ. ಎರಡನೇದು ನೀರಿಂದ ತಣಿಯೋ ಟರ್ಬೊ ತಂದು, ಇಂಜಿನ್ ನಿಂತ್ಮೇಲೂ ಕೆಲವು ನಿಮಿಷ ಓಡೋ ಎಲೆಕ್ಟ್ರಿಕ್ ನೀರಿನ ಪಂಪ್ ಕೂರಿಸ್ದೆ.

ಇಷ್ಟಾದ್ರೂ ಮಾಮೂಲಿ ಓಡಾಟದಲ್ಲಿ ವ್ಯತ್ಯಾಸವೇ ಇಲ್ಲ! ಆಮೇಲೆ ಅರ್ಥ ಆಯ್ತು, ಇಂಜಿನ್ ಟಾರ್ಕಲ್ಲಿ (ತಿರುಗಿಸೋ ಬಲ) ಸುಮಾರು 28 ಪರ್ಸೆಂಟ್, ಬಲವನ್ನ ಚಕ್ರಕ್ಕೂ ಜನರೇಟರ್‌ಗೂ ಹಂಚೋ ಪ್ಲಾನೆಟರಿ ಗೇರ್ ಮೂಲಕ ಎಂಜಿ1 ಅನ್ನೋ ಜನರೇಟರ್ ಮೇಲೆ ಬೀಳುತ್ತೆ, ಕಂಪ್ಯೂಟರ್ ಅದನ್ನ ನೋಡ್ಕೊಂಡೇ ಇಂಜಿನ್ ಎಷ್ಟು ಎಳೀತಿದೆ ಅಂತ ತಿಳ್ಕೊಳುತ್ತೆ, ಕೇಳಿದ್ದಕ್ಕಿಂತ ಜಾಸ್ತಿ ಬಂದ್ರೆ ಥ್ರಾಟಲ್ ಮುಚ್ಚಿಬಿಡುತ್ತೆ. ಲಾಭ ಸಿಗೋದು ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ. ಅದೇ ಏರಲ್ಲಿ ಅದೇ ಸ್ಪೀಡಿಗೆ ಮುಂಚೆ 4500 ಆರ್‌ಪಿಎಂ ಬೇಕಿತ್ತು, ಈಗ 3800 ಸಾಕು. ಬೂಸ್ಟ್ ಏರಿಸೋ ಆಸೆ ಆಗುತ್ತೆ ನಿಜ, ಆದ್ರೆ ಎಂಜಿ1 ಟೆಂಪರೇಚರ್ ಈಗ್ಲೇ ಮುಂಚಿಗಿಂತ ಜಾಸ್ತಿ ಬರ್ತಿದೆ, ಅದ್ರ ಮೇಲೆ ಕಣ್ಣಿಟ್ಕೊಂಡೇ ಏರು ಹತ್ತಿಸ್ತೀನಿ.